ಅವ್ವನ ದನಿಗೆ ಎಲ್ಲಿ ದುಡ್ಡು ಹಾಕಬೇಕು

ನನಗೆ ಸಂಗೀತ ತಿಳಿಯುವುದಿಲ್ಲ ಎಂದು ನಮ್ಮ ಮನೆಯಲ್ಲಿ ಬಹಳ ಹಿಂದೆಯೇ ತೀರ್ಮಾನವಾಗಿತ್ತು. ತೀರ್ಮಾನ ಮಾಡಿದವರು ನಮ್ಮ ಯಜಮಾನರು. ಮದುವೆಯಾದ ಹೊಸತರಲ್ಲಿ ರೇಡಿಯೊ ಹಚ್ಚಿ, ಇದು ಯಾವ ರಾಗ ಹೇಳು ನೋಡೋಣ ಎಂದು ಕೇಳಿದ್ದರು. ಹಿಂದೆ ತಂಬೂರಿಯ ಒಂದು ತಂತಿ ಸ್ವಲ್ಪ ಇಳಿದಿದೆ ಎಂದು ನಾನು ಹೇಳಿದೆ. ಕೇಳಿದ್ದು ರಾಗದ ಹೆಸರು, ಹೇಳಿದ್ದು ತಂತಿಯ ಸುದ್ದಿ. ನಪಾಸು. ತಂತಿ ನಿಜವಾಗಿ ಇಳಿದಿತ್ತೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ. ಇಳಿದಿತ್ತು, ಇವತ್ತಿಗೂ ಆ ಮಾತು ನಾನು ಹಿಂದೆ ತಗೊಳ್ಳುವುದಿಲ್ಲ.

ಇದು ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಕೊಪ್ಪಳ ಆಗ ರಾಯಚೂರು ಜಿಲ್ಲೆಯ ಒಂದು ತಾಲ್ಲೂಕು. ನಾನು ಪ್ರಾಥಮಿಕ ಶಾಲೆಯಲ್ಲಿ ಟೀಚರು, ನಮ್ಮವರು ನೀರಾವರಿ ಕಚೇರಿಯಲ್ಲಿ ಗುಮಾಸ್ತರು. ಭಾನುವಾರ ಮಧ್ಯಾಹ್ನ ಊಟವಾಯಿತೆಂದರೆ ನಮ್ಮ ಪಡಸಾಲೆಯಲ್ಲಿ ಮೂರು ಮಂದಿ ಗಂಡಸರ ಸಭೆ. ಒಬ್ಬರು ನಮ್ಮವರು. ಎರಡನೆಯವರು ಬಸ್ ಸ್ಟ್ಯಾಂಡಿನ ಹತ್ತಿರ ರೇಡಿಯೊ ರಿಪೇರಿ ಅಂಗಡಿ ಇಟ್ಟವರು, ಅಂಗಿಯ ಜೇಬಿನಲ್ಲಿ ಪೆನ್ನಿನ ಬದಲು ಟೆಸ್ಟರ್ ಸಿಗಿಸಿಕೊಂಡು ಓಡಾಡುವವರು. ಮೂರನೆಯವರು ಗಂಗಾವತಿಯ ಅಕ್ಕಿ ಗಿರಣಿಯ ಸಾಹುಕಾರರು. ಕಾಲುವೆ ನೀರಿನ ಕೆಲಸಕ್ಕೆಂದು ನಮ್ಮವರ ಕಚೇರಿಗೆ ಬರುತ್ತ ಬರುತ್ತ ಹಾಡಿನ ಹುಚ್ಚು ಹೊಂದಿ ಗೆಳೆಯರಾದವರು. ಬರುವಾಗ ಆನೆಗೊಂದಿಯ ಬಾಳೆಹಣ್ಣು ತರುತ್ತಿದ್ದರು, ಹಾಗಾಗಿ ಅವರ ಬಗ್ಗೆ ನನ್ನ ತಕರಾರು ಕಡಿಮೆ.

ಮೂವರ ವಾದ ಒಂದೇ. ಮನೆಯಲ್ಲಿ ಹಾಡು ಕೇಳುವ ಸೆಟ್ಟಿಗೆ ದುಡ್ಡು ಹಾಕುವುದಾದರೆ ಮೊದಲು ಎಲ್ಲಿ ಹಾಕಬೇಕು? ಸಾಹುಕಾರರು ಸ್ಪೀಕರ್ ಪಕ್ಷ. ಗಿರಾಕಿ ಅಕ್ಕಿ ಅಂಗೈಯಲ್ಲಿ ಹಾಕಿಕೊಂಡು ನೋಡುತ್ತಾನೆಯೇ ಹೊರತು ಗಿರಣಿಯ ಒಳಗೆ ಬಂದು ಬೆಲ್ಟು ಪಟ್ಟಿ ನೋಡುವುದಿಲ್ಲ, ಕೊನೆಗೆ ಕಿವಿಗೆ ಬೀಳುವುದು ಸ್ಪೀಕರಿನ ದನಿ ತಾನೆ ಎನ್ನುವುದು ಅವರ ನ್ಯಾಯ. ರಿಪೇರಿಯವರು ಆಂಪ್ಲಿಫೈಯರ್ ಪಕ್ಷ. ಅವರೇ ಕೈಯಾರೆ ಆಂಪ್ಲಿಫೈಯರ್ ಕಟ್ಟಿ ಮಾರುತ್ತಿದ್ದರು. ಟ್ರಾನ್ಸ್‌ಫಾರ್ಮರ್ ಒಂದು ಕೈಯಲ್ಲಿ ಎತ್ತಲು ಬಂದರೆ ಅದು ಆಂಪ್ಲಿಫೈಯರೇ ಅಲ್ಲ ಎನ್ನುತ್ತಿದ್ದರು. ನಮ್ಮವರಿಗೆ ಕಾಲುವೆ ಬಿಟ್ಟು ಬೇರೆ ಹೋಲಿಕೆ ಹೊಳೆಯುತ್ತಿರಲಿಲ್ಲ. ತೂಬಿನಲ್ಲೇ ಕೆಸರು ಬಂದರೆ ಕೊನೆಯ ಹೊಲಕ್ಕೆ ತಿಳಿನೀರು ಎಲ್ಲಿಂದ ಬರಬೇಕು, ಆದ್ದರಿಂದ ದುಡ್ಡು ಕ್ಯಾಸೆಟ್ಟು ಓಡಿಸುವ ಟೇಪ್ ಡೆಕ್ಕಿಗೇ ಹಾಕಬೇಕು ಎನ್ನುತ್ತಿದ್ದರು. ಅವರು ಆಗಲೇ ಒಂದು ಡೆಕ್ಕು ಕೊಂಡಿದ್ದರು ಎಂಬುದನ್ನೂ ಇಲ್ಲಿ ಹೇಳಬೇಕು. ದುಬೈಗೆ ದುಡಿಯಲು ಹೋಗಿದ್ದ ಸಾಹುಕಾರರ ನೆಂಟರೊಬ್ಬರು ತಂದ ಬೆಳ್ಳಿ ಬಣ್ಣದ ಡೆಕ್ಕು. ಸದ್ಯಕ್ಕೆ ಇರಲಿ ಎಂದು ರಿಪೇರಿಯವರು ಅದಕ್ಕೊಂದು ಪುಟ್ಟ ಆಂಪ್ಲಿಫೈಯರು, ಸಣ್ಣ ಸ್ಪೀಕರು ಹಚ್ಚಿಕೊಟ್ಟಿದ್ದರು. ಎರಡು ಮುಳ್ಳುಗಳು ಹಾಡಿನ ಜೊತೆ ಕುಣಿಯುತ್ತಿದ್ದವು. ಅದರ ಮೇಲೆ ಧೂಳು ಬೀಳಬಾರದೆಂದು ನಾನು ಕಸೂತಿ ಹಾಕಿಟ್ಟಿದ್ದ ಮೇಜಿನ ಬಟ್ಟೆ ಎಳೆದು ಹೊದಿಸಿದ್ದರು. ನನ್ನನ್ನು ಕೇಳಿರಲಿಲ್ಲ.

ನನ್ನನ್ನು ಕೇಳದೆ ಮಾಡಿದ ಇನ್ನೊಂದು ಕೆಲಸವೇ ಈ ಕಥೆಯ ಮೂಲ. ಆ ಡೆಕ್ಕು ಬಂದ ವಾರವೇ ಮನೆಯಲ್ಲಿದ್ದ ಹಳೆಯ ಟೇಪ್ ರೆಕಾರ್ಡರನ್ನು ರಿಪೇರಿಯವರ ಅಂಗಡಿಗೆ ಕೊಟ್ಟುಬಂದರು.

ಅದು ಹಿಡಿಕೆ ಇದ್ದ, ಒಂದೇ ಸ್ಪೀಕರಿನ, ತಿಂಡಿ ಡಬ್ಬಿಯಷ್ಟು ದಪ್ಪದ ಪೆಟ್ಟಿಗೆ. ಎಪ್ಪತ್ತರ ದಶಕದ ಕೊನೆಗೆ ನಾವು ಕುಷ್ಟಗಿಯಲ್ಲಿದ್ದಾಗ ಕೊಂಡದ್ದು. ಒಂದು ರಜೆಯಲ್ಲಿ ಅದನ್ನು ಹಿಡಿದುಕೊಂಡು ನನ್ನ ತವರು ಯಲಬುರ್ಗಾಕ್ಕೆ ಹೊರಟೆವು. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ತಲೆಯ ಮೇಲಿನ ಹಲಗೆಯಲ್ಲಿಟ್ಟ ಟೇಪ್ ರೆಕಾರ್ಡರ್ ಒಂದು ತಗ್ಗಿಗೆ ಬಸ್ಸು ಕುಪ್ಪಳಿಸಿದಾಗ ದಢಕ್ಕನೆ ಕೆಳಗೆ ಬಿತ್ತು. ಒಂದು ಮೂಲೆ ನೆಗ್ಗಿತು. ನಮ್ಮವರ ಮುಖ ಇಷ್ಟಾಯಿತು. ಆದರೆ ಊರಿಗೆ ಹೋಗಿ ಹಚ್ಚಿದರೆ ಓಡಿತು. ಆ ದಿನ ನನ್ನ ಅವ್ವ ಬೀಸುವ ಕಲ್ಲಿನ ಮುಂದೆ ಕೂತು ಹಾಡಿದ್ದನ್ನು ಕ್ಯಾಸೆಟ್ಟಿನ ಎರಡೂ ಬದಿಗೆ ತುಂಬಿಕೊಂಡೆವು.

ಅವ್ವನ ದನಿ ದೊಡ್ಡದಲ್ಲ. ಕಲ್ಲಿನ ಸದ್ದಿನ ಮೇಲೆ ಏರಿ ಹೋಗುವ ಗೋಜಿಗೆ ಹೋಗದೆ ಪಕ್ಕದಲ್ಲೇ ನಡೆಯುವಂಥದ್ದು. ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳುತ್ತಿತ್ತು, ಹಸನು ಮಾಡಿದ ಜೋಳದ ಹಾಗೆ. ಓಣಿಯಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ, ತೊಟ್ಟಿಲು ಕಟ್ಟಿದರೂ ಅವ್ವನನ್ನು ಕರೆಯದೆ ಹಾಡು ಶುರುವಾಗುತ್ತಿರಲಿಲ್ಲ. ಟೇಪು ತುಂಬಿದ ಎರಡು ವರ್ಷಕ್ಕೆ ಅವ್ವನ ಗಂಟಲಿಗೆ ಹುಬ್ಬಳ್ಳಿಯಲ್ಲಿ ಆಪರೇಷನ್ನಾಯಿತು. ಜೀವ ಉಳಿಯಿತು, ದನಿ ಹೋಯಿತು. ಆಮೇಲೆ ಅವಳು ಮಾತನಾಡಿದ್ದೆಲ್ಲ ಪಿಸುಮಾತು. ಬಾಯಿಯ ಹತ್ತಿರ ಕಿವಿ ಒಯ್ದರೆ ಮಾತ್ರ ತಿಳಿಯುತ್ತಿತ್ತು. ಮದುವೆಗೆ ಕರೆಯುತ್ತಿದ್ದರು, ಆದರೆ ಹಾಡಲು ಅಲ್ಲ. ಅವಳು ಹೋಗಿ ಹಿಂದೆ ಕೂತು ಬರುತ್ತಿದ್ದಳು. ಹೀಗಾಗಿ ಆ ಕ್ಯಾಸೆಟ್ಟು ನನಗೆ ಬಂಗಾರದ ತುಣುಕಾಗಿತ್ತು.

ಹೊಸ ಡೆಕ್ಕಿನಲ್ಲಿ ಮೊದಲ ಸಲ ಅದನ್ನು ಹಾಕಿದ ದಿನ ನಾನು ರೊಟ್ಟಿ ಬಡಿಯುವುದನ್ನು ಬಿಟ್ಟು, ಕೈಗೆ ಹಿಟ್ಟು ಮೆತ್ತಿಕೊಂಡೇ ಓಡಿಬಂದೆ. ಬಂದದ್ದು ಅವ್ವನ ದನಿಯಲ್ಲ. ಯಾರೋ ಸೆರಗನ್ನು ಬಾಯಿಗೆ ಒತ್ತಿಕೊಂಡು ಪಕ್ಕದ ಮನೆಯಲ್ಲಿ ಹಾಡುತ್ತಿದ್ದ ಹಾಗಿತ್ತು. ಬಳೆಯ ಸದ್ದಿಲ್ಲ, ಅಕ್ಷರವಿಲ್ಲ, ಬರೀ ಗುಂಯ್ ಗುಂಯ್. ಅಂಗಡಿಯಿಂದ ತಂದ ಕ್ಯಾಸೆಟ್ಟುಗಳು ಅದೇ ಡೆಕ್ಕಿನಲ್ಲಿ ಗಾಜಿನಂತೆ ಕೇಳುತ್ತಿದ್ದವು.

"ಟೇಪ್ ಹಳೇದಾತು. ಅದರ ಮ್ಯಾಲಿಂದು ಸವದೈತಿ. ಮಷೀನ್ ಏನ್ ಮಾಡ್ತೈತಿ?" ಎಂದರು ನಮ್ಮವರು.

ನನಗೆ ಅಳುವೂ ಬಂತು, ಸಿಟ್ಟೂ ಬಂತು. ಸಿಟ್ಟು ಮೊದಲು ಬಂತು. ಹಳೆಯ ಪೆಟ್ಟಿಗೆಯಲ್ಲಿ ಹೋದ ತಿಂಗಳವರೆಗೆ ನೆಟ್ಟಗಿದ್ದ ದನಿ ಹದಿನೈದು ದಿನದಲ್ಲಿ ಸವೆಯಿತೇ ಎಂದು ಕೇಳಿದೆ. ಹಳೆಯದನ್ನು ವಾಪಸು ತನ್ನಿರಿ ಎಂದೆ. ರಿಪೇರಿಯವರು ಅದನ್ನು ಆಗಲೇ ಯಾರೋ ಊರೂರು ತಿರುಗುವ ಬಟ್ಟೆ ವ್ಯಾಪಾರಿಗೆ ಮಾರಿದ್ದರು. ಎರಡು ದಿನ ಮನೆಯಲ್ಲಿ ನಾನು ಮಾತನಾಡಲಿಲ್ಲ. ಮೂರನೆಯ ದಿನ ಮಾತನಾಡಿದೆ, ಅದು ಅವರಿಗೆ ಇನ್ನೂ ಕಷ್ಟವಾಯಿತು.

ಅದೇ ಹೊತ್ತಿಗೆ ಟೀಚರುಗಳಿಗೆ ಬರಬೇಕಾದ ಬಾಕಿ ಸಂಬಳ, ಅರಿಯರ್ಸ್, ಒಟ್ಟಿಗೆ ಬಂತು. ಇದು ಅವ್ವನ ದನಿಗೆ ಎಂದು ನಾನು ಎಲ್ಲರೆದುರು ಹೇಳಿಬಿಟ್ಟೆ. ಹೇಳಿದ್ದೇ ತಪ್ಪಾಯಿತು. ಭಾನುವಾರದ ವಾದಕ್ಕೆ ಅಲ್ಲಿಯವರೆಗೆ ಬರೀ ಬಾಯಿ ಇತ್ತು, ಈಗ ಕೈಗೆ ದುಡ್ಡೂ ಸಿಕ್ಕ ಹಾಗಾಯಿತು.

"ಅಕ್ಕಾರ, ನಿಮ್ಮವ್ವಾರ ದನಿ ಟೇಪಿನಾಗ ಐತ್ರಿ. ಸಣ್ಣ ಸ್ಪೀಕರ್‌ನಾಗಿಂದ ಹೊರಗ ಬರವಲ್ದು, ಅಷ್ಟ," ಎಂದರು ಸಾಹುಕಾರರು. ಮುಂದಿನ ವಾರ ಜೀಪಿನಲ್ಲಿ ತಮ್ಮ ಮನೆಯ ಎರಡು ಸ್ಪೀಕರುಗಳನ್ನು ಹೇರಿಕೊಂಡು ಬಂದೇಬಿಟ್ಟರು. ಒಂದೊಂದೂ ಅಕ್ಕಿ ಚೀಲದ ಎತ್ತರ. ಪಡಸಾಲೆಯಲ್ಲಿ ಅವನ್ನಿಟ್ಟ ಮೇಲೆ ನಾವು ಓರೆಯಾಗಿ ಓಡಾಡಬೇಕಾಯಿತು. ಅವ್ವನ ಕ್ಯಾಸೆಟ್ಟು ಹಾಕಿದರು. ಮೊದಲು ಪಕ್ಕದ ಮನೆಯಲ್ಲಿ ಗುಂಯ್ ಎನ್ನುತ್ತಿದ್ದದ್ದು ಈಗ ನಮ್ಮ ಮನೆಯಲ್ಲೇ ಗುಂಯ್ ಎಂದಿತು. ಗೂಡಿನಲ್ಲಿದ್ದ ಸ್ಟೀಲ್ ಲೋಟಗಳು ಕುಣಿದವು. ಅವ್ವ ಬರಲಿಲ್ಲ.

ಆಮೇಲೆ ಆಂಪ್ಲಿಫೈಯರಿನ ಪಾಳಿ. ರಿಪೇರಿಯವರು ತಮ್ಮ ಅತಿ ದೊಡ್ಡದನ್ನು ಇಬ್ಬರ ಕೈಯಲ್ಲಿ ಹೊರಿಸಿಕೊಂಡು ಬಂದರು. ಕೊಪ್ಪಳದ ವೋಲ್ಟೇಜಿಗೆ ಹೆದರಿ ಅದಕ್ಕೊಂದು ಸ್ಟೆಬಿಲೈಸರ್ರೂ ಬಂತು. ಶಹಾಬಾದ್ ಕಲ್ಲಿನ ನೆಲದಿಂದ ದನಿ ಪುಟಿಯುತ್ತದೆ ಎಂದು ನನ್ನ ಕೌದಿಗಳನ್ನು ಗೋಡೆಗೆ ಮೊಳೆ ಹೊಡೆದು ತೂಗಹಾಕಿದರು. ಓಣಿಯ ಹೆಂಗಸರು ಇಣುಕಿ, ಏನ್ರಿ ಟೀಚರ್ರ, ಗ್ವಾಡಿಗೂ ಚಳಿ ಆತೇನ್ರಿ ಎಂದು ಕೇಳಿಹೋದರು. ನಾನು ನಕ್ಕೆ. ನಗದೆ ಏನು ಮಾಡಲಿ?

ಇವೆಲ್ಲದರ ನಡುವೆ ರಿಪೇರಿಯವರು ಒಂದು ಅಗ್ಗದ ಉಪಾಯವನ್ನೂ ತಂದರು. ನಮ್ಮ ಕಡೆ ಆಗ ಬಹಳ ಮನೆಗಳಲ್ಲಿ ಇದ್ದದ್ದೇ, ಮಣ್ಣಿನ ಗಡಿಗೆಯ ಬಾಯಿಗೆ ಸ್ಪೀಕರ್ ಕೂಡಿಸುವುದು. ಬಡವರ ಮನೆಯ ದೊಡ್ಡ ದನಿ ಅದು. ಎರಡು ಗಡಿಗೆ ತಂದು ಸ್ಪೀಕರ್ ಕೂಡಿಸಿದರು. ಒಂದು ಕಡೆಯಿಂದ ಜಿರ್ರ್ ಎಂಬ ಸದ್ದು. ಆಂಪ್ಲಿಫೈಯರಿನಲ್ಲಿ ದೋಷ ಎಂದು ಸಾಹುಕಾರರು, ಸ್ಪೀಕರಿನ ಹಾಳೆ ಹರಿದಿದೆ ಎಂದು ರಿಪೇರಿಯವರು. ಎರಡು ಭಾನುವಾರ ಬಿಚ್ಚಿದರು, ಕಟ್ಟಿದರು. ಮೂರನೆಯ ಭಾನುವಾರ ನಾನು ಚಹದ ತಟ್ಟೆ ಕೆಳಗಿಟ್ಟು, ಬೆರಳು ಮಡಚಿ ಗಡಿಗೆಯ ಹೊಟ್ಟೆಗೆ ಒಮ್ಮೆ ಬಡಿದೆ. ಒಡೆದಿತ್ತು. ಕೂದಲೆಳೆಯಷ್ಟು ಬಿರುಕು, ಕಣ್ಣಿಗೆ ಕಾಣುವುದಿಲ್ಲ.

ಗಡಿಗೆ ಕೊಳ್ಳುವುದು ಅವ್ವ ನನಗೆ ಕಲಿಸಿದ ಮೊದಲ ವಿದ್ಯೆ. ಸಂತೆಯಲ್ಲಿ ಒಂದೊಂದನ್ನೇ ಎತ್ತಿ, ಬೆರಳಿನ ಗೆಣ್ಣಿನಿಂದ ಬಡಿದು, ಕಿವಿ ಬಾಗಿಸುತ್ತಿದ್ದಳು. ನಾನು ಚಿಕ್ಕವಳಿದ್ದಾಗ, ಜೋರಾಗಿ ಕೇಳುವುದು ಒಳ್ಳೆಯ ಗಡಿಗೆಯೇ ಎಂದು ಕೇಳಿದ್ದೆ. "ಜೋರು ಕೇಳಬ್ಯಾಡ. ಕಡೀಕ ಹೆಂಗ ಮುಗೀತೈತಿ, ಅದನ್ನ ಕೇಳು," ಎಂದಿದ್ದಳು. ಆವತ್ತಿನಿಂದ ನಾನು ಎಲ್ಲದರಲ್ಲೂ ಅದನ್ನೇ ಕೇಳುತ್ತ ಬಂದಿದ್ದೇನೆ. ತರಗತಿಯಲ್ಲಿ ಹುಡುಗರು ಮಗ್ಗಿ ಒಪ್ಪಿಸುವಾಗಲೂ ಕೊನೆಯ ಅಕ್ಷರ ನುಂಗಿದವನು ಪಾಠ ಓದಿಲ್ಲ ಎಂದು ತಿಳಿಯುತ್ತಿತ್ತು.

ಗಡಿಗೆ ಒಡೆದಿದೆ ಎಂದು ತೋರಿಸಿದ್ದಕ್ಕೆ ಮೂವರೂ ತಲೆಯಾಡಿಸಿದರು, ಚಹ ಚೆನ್ನಾಗಿದೆ ಎಂದರು, ವಾದ ಮುಂದುವರಿಸಿದರು. ನಾನು ಒಳಗೆ ಹೋಗಿ ಒಲೆಯ ಮುಂದೆ ಕೂತು ನನ್ನಷ್ಟಕ್ಕೆ ಲೆಕ್ಕದ ಪಾಠ ಮಾಡಿಕೊಂಡೆ. ಅಂಗಡಿಯ ಕ್ಯಾಸೆಟ್ಟುಗಳು ನೆಟ್ಟಗಿವೆ. ಅವ್ವನದು ಮುಚ್ಚಿಕೊಂಡಿದೆ. ಆ ರಜೆ ಮುಗಿಸಿ ಬಂದ ಮೇಲೆ ಅದೇ ಪೆಟ್ಟಿಗೆಯಲ್ಲಿ ಕುಷ್ಟಗಿ ಶಾಲೆಯ ಮಕ್ಕಳ ಪದ್ಯ ತುಂಬಿಕೊಂಡ ಇನ್ನೊಂದು ಕ್ಯಾಸೆಟ್ಟು ಟ್ರಂಕಿನಲ್ಲಿತ್ತು. ಮರುದಿನ ಒಬ್ಬಳೇ ಇದ್ದಾಗ ಅದನ್ನೂ ಹಾಕಿ ಕೇಳಿದೆ. ಅದೂ ಸೆರಗು ಮುಚ್ಚಿಕೊಂಡಿತ್ತು. ಅಲ್ಲಿಗೆ ಟೇಪು ಸವೆದ ಕಥೆ ಮುಗಿಯಿತು. ಆ ಹಳೆಯ ಪೆಟ್ಟಿಗೆಯಲ್ಲಿ ಹುಟ್ಟಿದ ದನಿಗಳಿಗೆಲ್ಲ ಒಂದೇ ರೋಗ. ಅಂದರೆ ರೋಗ ಆ ಪೆಟ್ಟಿಗೆಯದು, ಮದ್ದೂ ಅದೇ ಪೆಟ್ಟಿಗೆ.

ಮುಂದಿನ ಭಾನುವಾರ ಅವ್ವ ಯಲಬುರ್ಗಾದಿಂದ ಬೆಳಗಿನ ಬಸ್ಸಿಗೆ ಬಂದಿದ್ದಳು. ಅಡುಗೆಮನೆಯ ಹೊಸ್ತಿಲ ಹತ್ತಿರ ಮೊರ ಹಿಡಿದು ಜೋಳ ಹಸನು ಮಾಡುತ್ತ ಕೂತಿದ್ದಳು. ಪಡಸಾಲೆಯಲ್ಲಿ ಸ್ಪೀಕರ್ ಮೊದಲೋ ಆಂಪ್ಲಿಫೈಯರ್ ಮೊದಲೋ ಎಂಬ ವಾದ ನಡೆದಿತ್ತು. ನಾನು ನೇರವಾಗಿ ಹೋಗಿ ರಿಪೇರಿಯವರ ಮುಂದೆ ನಿಂತು, ಆ ಹಳೆಯ ಟೇಪ್ ರೆಕಾರ್ಡರನ್ನು ಮಾರುವ ಮೊದಲು ನೀವು ಅದಕ್ಕೆ ಏನೇನು ಮಾಡಿದಿರಿ ಎಂದು ಕೇಳಿದೆ.

ಅವರು ಹೆಮ್ಮೆಯಿಂದಲೇ ಹೇಳಿದರು. ಬೆಲ್ಟು ಬದಲಿಸಿದೆ, ಒರೆಸಿದೆ, ಹೆಡ್ಡು ನೆಟ್ಟಗೆ ಮಾಡಿದೆ. ಹೆಡ್ಡು ಎಂದರೆ ಟೇಪು ಸವರಿಕೊಂಡು ಹೋಗುವ ಬೆರಳುಗುರಿನಷ್ಟು ಲೋಹದ ತುಣುಕು. ಅಲ್ಲಿಂದಲೇ ದನಿ ಹುಟ್ಟುವುದು. ಆ ಪೆಟ್ಟಿಗೆ ಎಲ್ಲೋ ಬಿದ್ದು ಅದರ ಹೆಡ್ಡು ಓರೆಯಾಗಿತ್ತಂತೆ, ಅಂಗಡಿಯ ಕ್ಯಾಸೆಟ್ಟು ಹಾಕಿ ಸರಿಮಾಡಿ ಕೊಟ್ಟರಂತೆ.

"ಹಂಗಾದ್ರ ಓರೆ ಹೆಡ್ಡಿನ್ಯಾಗ ತುಂಬಿದ್ದು ಓರೆ ಹೆಡ್ಡಿನ್ಯಾಗ ಕೇಳ್ಬೇಕಲ್ರಿ," ಎಂದೆ.

ರಿಪೇರಿಯವರು ಜೇಬಿನ ಟೆಸ್ಟರನ್ನು ತೆಗೆದು, ಮತ್ತೆ ಸಿಗಿಸಿ, ಇದು ನನಗೆ ಹೊಳೆಯಬೇಕಾಗಿತ್ತು ಎಂದು ಮೆಲ್ಲಗೆ ಹೇಳಿದರು. ಒಳ್ಳೆಯ ಮನುಷ್ಯ. ತಮ್ಮ ಕೈಯಲ್ಲಿ ನೆಟ್ಟಗೆ ಮಾಡಿದ್ದು ಯಾರಿಗಾದರೂ ತೊಂದರೆ ಕೊಟ್ಟೀತು ಎಂದು ಅವರು ಎಂದೂ ಯೋಚಿಸಿರಲಿಲ್ಲ.

ಈ ಡೆಕ್ಕಿನ ಹೆಡ್ಡನ್ನೂ ಹಾಗೇ ಓರೆ ಮಾಡಿರಿ ಎಂದೆ. ನಮ್ಮವರು ಎದ್ದುನಿಂತರು. ದುಬೈನಿಂದ ಬಂದ ಮಾಲು, ಕಂಪನಿಯವರು ಅಳತೆ ಮಾಡಿ ಕೂಡಿಸಿದ್ದು, ನೆಟ್ಟಗಿದ್ದದ್ದನ್ನು ಕೈಯಾರೆ ಸೊಟ್ಟ ಮಾಡುವುದೆಂದರೇನು ಎಂದರು. ಸಾಹುಕಾರರೂ ಹೌದೆಂದರು. ಆಗ ನಾನು ಅಡುಗೆಮನೆಯ ಕಡೆ ಕೈ ತೋರಿಸಿದೆ. ಮೊರದ ಹಿಂದೆ ಅವ್ವ ತಲೆ ತಗ್ಗಿಸಿ ಕಲ್ಲು ಆರಿಸುತ್ತಿದ್ದಳು. ನಮ್ಮವರು ಅತ್ತ ನೋಡಿದರು, ಡೆಕ್ಕಿನ ಮೇಲಿದ್ದ ಕಸೂತಿ ಬಟ್ಟೆಯನ್ನು ತಾವೇ ತೆಗೆದು ಮಡಚಿ ನನ್ನ ಕೈಗೆ ಕೊಟ್ಟರು.

ಕ್ಯಾಸೆಟ್ಟು ಓಡುತ್ತಿತ್ತು. ರಿಪೇರಿಯವರು ಸೂಜಿಯಂಥ ಸ್ಕ್ರೂಡ್ರೈವರನ್ನು ಹೆಡ್ಡಿನ ಪಕ್ಕದ ಪುಟ್ಟ ಸ್ಕ್ರೂಗೆ ಕೊಟ್ಟು ನನ್ನ ಮುಖ ನೋಡಿದರು. ನಾನು ಕಣ್ಣು ಮುಚ್ಚಿದೆ. ಒಂದಿಷ್ಟು ತಿರುಗಿಸಿದರು, ದನಿ ಇನ್ನೂ ಮುಳುಗಿತು. ಈ ಕಡೆ ಬ್ಯಾಡ್ರಿ ಎಂದೆ. ಹಿಂದಕ್ಕೆ ತಿರುಗಿಸಿದರು. ಗುಂಯ್ ಎನ್ನುವುದು ತೆಳುವಾಯಿತು. ಇನ್ನೊಂದಿಷ್ಟು. ಬೀಸುವ ಕಲ್ಲಿನ ಸರಬರ ಬೇರೆಯಾಯಿತು. ಇನ್ನೊಂದು ಕೂದಲೆಳೆಯಷ್ಟು. ಬಳೆ ಕೇಳಿತು. ಹಸಿರು ಗಾಜಿನ ಬಳೆ, ನನಗೆ ಗೊತ್ತು. ಆಮೇಲೆ ಅವ್ವ ಬಂದಳು, ಒಂದೊಂದು ಅಕ್ಷರವಾಗಿ. ಪ್ರತಿ ಸಾಲೂ ಅವಳು ಮುಗಿಸುತ್ತಿದ್ದ ಹಾಗೇ ಮುಗಿಯಿತು.

"ಸಾಕ್ರಿ. ಅಲ್ಲೇ ಬಿಡ್ರಿ," ಎಂದೆ.

ಅದಕ್ಕೆ ದೊಡ್ಡ ಸ್ಪೀಕರ್ ಯಾವುದೂ ಬೇಕಾಗಲಿಲ್ಲ. ಆ ಹೊತ್ತಿಗೆ ಹಚ್ಚಿದ್ದು ನೆಟ್ಟಗಿದ್ದ ಗಡಿಗೆಯ ಮೇಲಿನ ಅಗ್ಗದ ಸ್ಪೀಕರು. ತೂಬಿನ ಹತ್ತಿರವೇ ನೋಡಬೇಕು ಎಂದು ನಮ್ಮವರು ಹೇಳುತ್ತಿದ್ದದ್ದು ಒಂದು ರೀತಿಯಲ್ಲಿ ಸರಿಯೇ ಆಯಿತು. ಅದನ್ನು ನಾನು ಅವರಿಗೆ ಎಷ್ಟೋ ವರ್ಷಗಳ ನಂತರ ಒಪ್ಪಿಕೊಂಡೆ, ಆಗಲೇ ಒಪ್ಪಿಕೊಂಡಿದ್ದರೆ ಮನೆಯಲ್ಲಿ ಇರಲು ಕಷ್ಟವಾಗುತ್ತಿತ್ತು. ಹೆಡ್ಡು ಅವ್ವನ ಕಡೆ ವಾಲಿದ ಮೇಲೆ ನಮ್ಮವರು ಅಂಗಡಿಯಿಂದ ತಂದ ಕ್ಯಾಸೆಟ್ಟುಗಳು ಸೆರಗು ಮುಚ್ಚಿಕೊಂಡವು. ಆದ್ದರಿಂದ ಸ್ಕ್ರೂ ಪಕ್ಕದಲ್ಲಿ ನಾನು ಎರಡು ಚುಕ್ಕಿ ಇಟ್ಟೆ, ಅವ್ವನಿಗೆ ಕುಂಕುಮದ್ದು, ಅಂಗಡಿಯ ಹಾಡಿಗೆ ಕಾಡಿಗೆಯದು. ಆ ಡೆಕ್ಕು ಕೆಡುವವರೆಗೂ ನಮ್ಮವರು ತಮ್ಮ ಹಾಡು ಕೇಳಬೇಕಾದರೆ ಮೊದಲು ಸ್ಕ್ರೂಡ್ರೈವರ್ ಹುಡುಕುತ್ತಿದ್ದರು.

ಆ ಭಾನುವಾರದ ಮಾತು ಇನ್ನೂ ಇದೆ. ಮೊರದ ಸದ್ದು ನಿಂತಿತ್ತು. ನಾನು ತಿರುಗಿ ನೋಡಿದರೆ ಅವ್ವ ಹೊಸ್ತಿಲು ದಾಟಿ ಬಂದು, ಗಡಿಗೆಯ ಎದುರು ನೆಲದ ಮೇಲೆ ಕೂತಿದ್ದಳು. ಪೂರ್ತಿ ಹಾಡು ಕೇಳಿದಳು. ಪಂಚಮಿಗೆ ತಂಗಿಯನ್ನು ಕರೆಯಲು ಅಣ್ಣ ಬರುವ ಹಾಡು. ಅವಳು ಅಳುತ್ತಾಳೆ ಎಂದು ನಾವೆಲ್ಲ ಕಾದೆವು. ಸಾಹುಕಾರರು ಆಗಲೇ ಕಣ್ಣು ಒರೆಸಿಕೊಳ್ಳುತ್ತಿದ್ದರು. ಹಾಡು ಮುಗಿದ ಮೇಲೆ ಅವ್ವ ನನ್ನನ್ನು ಹತ್ತಿರ ಕರೆದು ಕಿವಿಯಲ್ಲಿ ಹೇಳಿದಳು. "ಮೂರನೇ ನುಡಿ ಬಿಟ್ಟೀನಿ ನೋಡು. ಅತ್ತಿ ಕಳಸ್ತೀನಿ ಅನ್ನೋದ ಇಲ್ಲ. ಅದಿಲ್ಲಾಂದ್ರ ಅಕಿ ಹೆಂಗ ತವರಿಗೆ ಹೋದ್ಲು?"

ಇದನ್ನು ನಾನು ಎಲ್ಲರಿಗೂ ಕೇಳುವಂತೆ ಹೇಳಿದಾಗ ಗಂಡಸರು ನಕ್ಕರು. ನಗುತ್ತಲೇ ನಮ್ಮವರು, ಈಗ ನಿನ್ನ ಅರಿಯರ್ಸ್ ಎಲ್ಲಿ ಹಾಕುವುದು ಹೇಳು ಎಂದರು. ನನಗೆ ಅನುಮಾನವೇ ಇರಲಿಲ್ಲ. ಖಾಲಿ ಕ್ಯಾಸೆಟ್ಟಿಗೆ ಹಾಕುತ್ತೇನೆ, ಉಳಿದದ್ದು ಯಲಬುರ್ಗಾದ ಬಸ್ಸಿಗೆ, ಅವ್ವನ ಹಾಡು ಇನ್ನೂ ನೂರು ಇವೆ ಎಂದೆ. ಹೇಳಿ ಮುಗಿಸುವಷ್ಟರಲ್ಲಿ ಎಲ್ಲರ ನಗು ನಿಂತಿತು. ನನಗೂ ಆಗಲೇ ತಿಳಿದದ್ದು. ಹಾಡು ಅವ್ವನ ಹತ್ತಿರ ಇದ್ದವು, ದನಿ ಇರಲಿಲ್ಲ. ಖಾಲಿ ಕ್ಯಾಸೆಟ್ಟಿನಲ್ಲಿ ಪಿಸುಮಾತು ತುಂಬುವುದೇ? ಇಷ್ಟು ದಿನ ಮೂವರು ಗಂಡಸರಿಗೆ ಬುದ್ಧಿ ಹೇಳಿದವಳು ಅಲ್ಲಿ ಸೋತುನಿಂತೆ.

ಅವ್ವ ಸೋಲಲಿಲ್ಲ. ಡೆಕ್ಕಿನ ಜೊತೆ ಬಂದು ಅದರ ಪಕ್ಕದಲ್ಲೇ ಬಿದ್ದಿದ್ದ ಮೈಕನ್ನು ತೋರಿಸಿ, ಆಮೇಲೆ ನನ್ನನ್ನು ತೋರಿಸಿದಳು.

ನಾನು ಒಲ್ಲೆ ಎಂದೆ. ಮದುವೆಯಾದಾಗಿನಿಂದ ಸಂಗೀತದಲ್ಲಿ ನಪಾಸಾದವಳು, ಶಾಲೆಯ ಪ್ರಾರ್ಥನೆಗೆ ಬಾಯಿ ಅಲ್ಲಾಡಿಸುವುದು ಬಿಟ್ಟರೆ ಹಾಡಿದವಳಲ್ಲ. ಅವ್ವ ಕೇಳಲಿಲ್ಲ. ನನ್ನ ರಟ್ಟೆ ಹಿಡಿದು ಪಕ್ಕದಲ್ಲಿ ಕೂಡಿಸಿಕೊಂಡಳು. ನಮ್ಮವರು ಸದ್ದಿಲ್ಲದೆ ಒಂದು ಖಾಲಿ ಕ್ಯಾಸೆಟ್ಟು ಹಾಕಿ, ದನಿ ತುಂಬುವ ಎರಡು ಗುಂಡಿ ಒಟ್ಟಿಗೆ ಒತ್ತಿದರು. ಮುಳ್ಳುಗಳು ಅಲುಗಿದವು. ಅವ್ವ ನನ್ನ ಕಿವಿಯಲ್ಲಿ ಒಂದು ಸಾಲು ಪಿಸುಗುಟ್ಟಿದಳು, ನಾನು ಅದನ್ನು ಹಾಡಿದೆ. ಇನ್ನೊಂದು ಸಾಲು, ಇನ್ನೊಂದು. ಅತ್ತೆ ಸೊಸೆಯನ್ನು ತವರಿಗೆ ಕಳಿಸಲು ಒಪ್ಪಿದಳು. ನನ್ನ ದನಿ ನನಗೇ ಬೇರೆಯವರದೆನಿಸುತ್ತಿತ್ತು. ಅವ್ವ ತಲೆ ಬಾಗಿಸಿ, ಸಂತೆಯಲ್ಲಿ ಬಾಗಿಸುತ್ತಿದ್ದ ಹಾಗೆಯೇ, ಪ್ರತಿ ಸಾಲಿನ ಕೊನೆಯನ್ನು ಕೇಳುತ್ತಿದ್ದಳು.

ನುಡಿ ಮುಗಿಯಿತು. ಅವಳು ಬೆರಳು ಮಡಚಿ ನನ್ನ ಬೆನ್ನಿಗೆ ಮೆಲ್ಲಗೆ ಒಮ್ಮೆ ಬಡಿದಳು.

"ಒಡದಿಲ್ಲ," ಎಂದಳು. "ಮುಂದಿಂದು ಹೇಳ್ತೀನಿ, ಹಾಡು."